ಸ್ಕ್ರೂ ಎಲ್ಲೈತಿ ಹೇಳ್ರಿ ನೋಡೋಣ!

ಬಳ್ಳಾರಿಯ ಬೇಸಿಗೆ ಮಧ್ಯಾಹ್ನದಲ್ಲಿ ಯಾರ ಮನೆಗೆ ಹೋದರೂ ಮೊದಲು ಕೈಗೆ ಬರುವುದು ಒಂದು ತಂಬಿಗೆ ನೀರು. ಯಾವೂರು, ಯಾರ ಪೈಕಿ, ಬಂದ ಕೆಲಸವೇನು ಎಂಬ ವಿಚಾರಣೆಯೆಲ್ಲ ಆಮೇಲೆ. ಬಿರಡೆ ಯಜಮಾನರ ಮನೆಯಲ್ಲಿ ಮಾತ್ರ ಮೊದಲು ಬಾಗಿಲು, ಆಮೇಲೆ ನೀರು. ಬಂದವರು ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದಕ್ಕೆ ಬಗ್ಗುವಷ್ಟರಲ್ಲೇ ಒಳಗಿನಿಂದ "ಹಾಂ, ಅಲ್ಲೇ ನಿಂದ್ರಿ" ಎಂದು ಅಪ್ಪಣೆಯಾಗುತ್ತದೆ. ಅಪ್ಪಣೆಯ ಹಿಂದೆಯೇ ಯಜಮಾನರು. ಅವರ ಕೈಯಲ್ಲೊಂದು ಭೂತಗನ್ನಡಿ. ಅದು ಅವರಿಗಲ್ಲ, ನಿಮಗೆ.

"ಈ ಬಾಗಿಲಾಗ ನಲವತ್ತು ಸ್ಕ್ರೂ ಅದಾವು. ಒಂದ್, ಒಂದೇ ಒಂದ್ ಎಲ್ಲೈತಿ ಹೇಳ್ರಿ ನೋಡೋಣ."

ಈ ಪರೀಕ್ಷೆಯಲ್ಲಿ ಪಾಸಾಗುವ ದಾರಿ ಒಂದೇ. ತಕ್ಷಣ "ಕಾಣವಲ್ದು" ಅಂದುಬಿಟ್ಟರೆ ಯಜಮಾನರ ಮುಖ ಬಾಡುತ್ತದೆ. ನೀವು ನೋಡಲೇ ಇಲ್ಲ ಎಂದು ಅದರರ್ಥ. ಬೆರಳಿಟ್ಟು "ಇಲ್ಲೈತಿ ನೋಡ್ರಿ" ಅಂದಿರೋ, ಆ ದಿನ ಚಹಾ ಇಲ್ಲ. ಭೂತಗನ್ನಡಿ ಹಿಡಿದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ಓಡಾಡಬೇಕು. ಎಲ್ಲೋ ಒಂದು ಕಡೆ ಅನುಮಾನದಿಂದ ನಿಲ್ಲಬೇಕು. ಯಜಮಾನರ ಉಸಿರು ಬಿಗಿಯಾದದ್ದು ಕೇಳಿಸಿದ ಮೇಲೆ ಮುಂದೆ ಸಾಗಿ, ಕೊನೆಗೆ ಸೋತು, "ಏನ್ ಕೆಲಸಾರೀ ಇದು!" ಎಂದು ನಿಟ್ಟುಸಿರು ಬಿಡಬೇಕು. ಆಗ ನೀರು ಬರುತ್ತದೆ. ಗ್ಯಾಸ್ ಸಿಲಿಂಡರ್ ತರುವ ಹುಡುಗನಿಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ಸಿಲಿಂಡರ್ ಹೆಗಲ ಮೇಲಿರುವಾಗಲೇ ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತಾನೆ. ಅದು ಭಾರಕ್ಕೋ ಬಾಗಿಲಿಗೋ ಯಜಮಾನರಿಗೆ ಇವತ್ತಿಗೂ ಗೊತ್ತಿಲ್ಲ.

ಈ ತಳಿಯ ಜನ ಸಾಮಾನ್ಯವಾಗಿ ನಿವೃತ್ತಿಯಾದ ವರ್ಷ ಹುಟ್ಟುತ್ತಾರೆ. ಪಿಂಚಣಿಯ ಗಂಟು ಬಂದಿರುತ್ತದೆ, ಮನೆ ಅರ್ಧ ಕಟ್ಟಿರುತ್ತದೆ, ಬೈಯಲು ಕೈಕೆಳಗೆ ಯಾರೂ ಇರುವುದಿಲ್ಲ. ಈ ಮೂರೂ ಕೂಡಿದ ಕಡೆ ಒಬ್ಬ ಬಡಗಿ ಸಿಕ್ಕರೆ ಸಾಕು. ನಮ್ಮ ಯಜಮಾನರು ಸರ್ಕಾರದ ಲೆಕ್ಕ ತಪಾಸಣೆಯಲ್ಲಿದ್ದವರು. ಬೇರೆಯವರು ಲೆಕ್ಕದೊಳಗೆ ಮುಚ್ಚಿಟ್ಟದ್ದನ್ನು ಹೊರಗೆಳೆಯುವುದೇ ಅವರ ಆಯುಷ್ಯದ ಕೆಲಸ. ಯಾವ ವೋಚರಿನ ಬೆನ್ನಿಗೆ ಯಾವ ಸುಳ್ಳು ಟಿ.ಎ. ಬಿಲ್ಲು ಅಂಟಿಕೊಂಡಿದೆ ಎಂಬುದು ಅವರಿಗೆ ವಾಸನೆಯಿಂದಲೇ ತಿಳಿಯುತ್ತಿತ್ತಂತೆ. ನಿವೃತ್ತಿಯಾದ ಮೇಲೆ ಜ್ಞಾನೋದಯವಾಯಿತು: ಮಜಾ ಇರುವುದು ಹುಡುಕುವುದರಲ್ಲಲ್ಲ, ಮುಚ್ಚಿಡುವುದರಲ್ಲಿ, ಇಷ್ಟು ವರ್ಷ ಮೇಜಿನ ತಪ್ಪು ಮಗ್ಗುಲಲ್ಲಿ ಕೂತಿದ್ದೆ.

ತೇಗದ ಬಾಗಿಲಿನ ಸ್ಕ್ರೂ ಮುಚ್ಚಲು ಮೊದಲು ಬಂದವನು ಪ್ಲೈವುಡ್ ಕೆಲಸದ ಮಿಸ್ತ್ರಿ, ಉತ್ತರದ ಕಡೆಯವನು. ಅವನು ಬಾಗಿಲು ನೋಡಿ, "ಸಾಬ್, ಮೇಲೆ ಸನ್‌ಮೈಕಾ ಹೊಡೆದರೆ ಸ್ಕ್ರೂ, ಮೊಳೆ, ಮರ ಯಾವುದೂ ಕಾಣುವುದಿಲ್ಲ" ಅಂದ. ಬಳ್ಳಾರಿಯಲ್ಲಿ ಲೆಕ್ಕ ಕನ್ನಡದಲ್ಲಿ, ಪ್ರೀತಿ ತೆಲುಗಿನಲ್ಲಿ, ಬೈಗುಳ ಉರ್ದುವಿನಲ್ಲಿ ನಡೆಯುತ್ತದೆ. ಯಜಮಾನರು ಮೂರನೆಯದನ್ನು ಬಳಸಿದರು. ಎರಡನೆಯವನು ಗರಗಸದ ಹೊಟ್ಟನ್ನು ಫೆವಿಕಾಲಿನಲ್ಲಿ ಕಲಸಿ ಸ್ಕ್ರೂ ತಲೆಗೆ ಮೆತ್ತಿ ತೋರಿಸಿದ. ಅಂಟು ಕುಡಿದ ಹೊಟ್ಟು ಪಾಲಿಶ್ ಕುಡಿಯುವುದಿಲ್ಲ. ಬಾಗಿಲೆಲ್ಲ ಕಂದಾದ ಮೇಲೂ ಆ ಜಾಗ ಬಿಳಿಚಿಕೊಂಡು ಉಳಿಯಿತು. "ಇದು ಮುಚ್ಚಿದ್ದಲ್ಲ, ಜಾಹೀರಾತು" ಎಂದು ಅವನನ್ನೂ ಕಳಿಸಿದರು.

ಹಾಗೆ ನೋಡಿದರೆ ಮೆತ್ತುವ ಕೆಲಸ ಅಷ್ಟು ಕೀಳಲ್ಲ. ಇಲ್ಲಿಂದ ಹೊಸಪೇಟೆ ದಾಟಿ ಹೋದರೆ ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಹುಣಸೆಬೀಜದ ಅಂಟು ಕಲಸಿ ಮಾಡುವ ಕಿಟ್ಟವನ್ನು ಗೊಂಬೆಯ ಮೈಗೆಲ್ಲ ಬಳಿದು, ಅದರ ಮೇಲೆ ಬಟ್ಟೆಯ ಚೂರು ಅಂಟಿಸಿ, ಬಣ್ಣ ಹಚ್ಚುತ್ತಾರೆ. ಗರುಡನ ರೆಕ್ಕೆ ಎಲ್ಲಿ ಕೂಡಿದೆ ಎಂದು ಗರುಡನಿಗೂ ತಿಳಿಯದು. ಆದರೆ ಗೊಂಬೆಗೆ ಬಣ್ಣವಿದೆ. ತೇಗಕ್ಕೆ ಬಣ್ಣ ಹಚ್ಚುವುದೆಂದರೆ ಯಜಮಾನರ ಪ್ರಕಾರ ಅದು ಪೊಲೀಸ್ ಕೇಸು.

ಮೂರನೆಯವನೇ ಆಚಾರಿ. ಸಿರುಗುಪ್ಪದ ಕಡೆಯ ಮೂಲ, ಬಳ್ಳಾರಿಗೆ ಬಂದು ಕೌಲ್ ಬಜಾರಿನಲ್ಲಿ ನೆಲೆ. ಅವನಪ್ಪ ಎತ್ತಿನ ಬಂಡಿಯ ಗಾಲಿ ಮಾಡುತ್ತಿದ್ದವನು. ಜಾಲಿ ಕಟ್ಟಿಗೆಯ ಗಾಲಿ. ಗುಂಭಕ್ಕೆ ಅರಗಳನ್ನು ಕೂಡಿಸಿ, ಸುತ್ತ ಬಳೆ ಕೂಡಿಸಿ, ಕೊನೆಗೆ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಸಿ ತೊಡಿಸಿ ನೀರು ಸುರಿದರೆ, ಹಳಿ ಕುಗ್ಗಿ ಇಡೀ ಗಾಲಿಯನ್ನು ಅಪ್ಪಿಕೊಂಡುಬಿಡುತ್ತದೆ. ಸ್ಕ್ರೂ ಎಂಬ ಮಾತೇ ಇಲ್ಲ. ಜಾಲಿಗೆ ಸ್ಕ್ರೂ ಹಾಕುವುದೂ ಕಷ್ಟ. ಚರ್ಮ ಹದ ಮಾಡಲು ತೊಗಟೆ ಕೊಡುವ ಮರ ಅದು, ಒಗರು ಹೆಚ್ಚು, ಕಬ್ಬಿಣಕ್ಕೆ ಹಸಿ ತಾಗಿದರೆ ಸುತ್ತ ಕಪ್ಪು ಕಲೆ ಕಟ್ಟುತ್ತದೆ. ಅಂಥವನ ಮಗನ ಎದುರು ಯಜಮಾನರು ಮೊಬೈಲಿನಲ್ಲಿ ಹೊರದೇಶದ ವಿಡಿಯೊ ಹಿಡಿದು ನಿಂತರು.

"ನೋಡು ಆಚಾರಿ. ಸ್ಕ್ರೂ ತಲಿ ಒಳಗ ಮುಳುಗಬೇಕು. ಮ್ಯಾಲೆ ಅದೇ ಕಟ್ಟಿಗಿ ಬಿರಡಿ ಬಡೀಬೇಕು. ಕೂದಲೆಳಿಯಷ್ಟೂ ಕಾಣಬಾರದು."

"ಕಂಡ್ರ ಏನಾಗ್ತತ್ರೀ?"

"ಮಾನ ಹೋಗ್ತತಿ."

ಆಚಾರಿ ಸ್ವಲ್ಪ ಯೋಚಿಸಿ ಕೇಳಿದ: "ಕೂಲಿ ದಿನದ ಲೆಕ್ಕಾನೋ, ಬಿರಡಿ ಲೆಕ್ಕಾನೋ?"

ಬಿರಡೆ ಲೆಕ್ಕ ಅಂದರೆ ಗಡಿಬಿಡಿ ಮಾಡುತ್ತಾನೆಂದು ಹೆದರಿ ಯಜಮಾನರು ದಿನದ ಲೆಕ್ಕ ಎಂದರು. ಲೆಕ್ಕ ತಪಾಸಣೆಯವರು ಸ್ವಂತ ಮನೆಯ ವಿಷಯದಲ್ಲಿ ಹೀಗೆಯೇ. ಆ ಮಾತಿನಿಂದ ಆಚಾರಿಯ ಮನೆಗೊಂದು ಬೈಕು ಬಂತು.

ಕೆಲಸ ಮಾತ್ರ ಚೊಕ್ಕ. ಅದನ್ನು ಇಲ್ಲಿ ಹೇಳದಿದ್ದರೆ ಯಜಮಾನರು ನನ್ನ ಮನೆಗೇ ಬಂದು ಹೇಳುತ್ತಾರೆ, ಆದ್ದರಿಂದ ಹೇಳುತ್ತೇನೆ. ಎಂಟನೇ ನಂಬರಿನ ಸ್ಕ್ರೂವಿನ ತಲೆ 8 ಮಿಲಿಮೀಟರಿಗಿಂತ ಚೂರು ಹೆಚ್ಚು ಅಗಲ. ಅದಕ್ಕೆ 10 ಮಿಲಿಮೀಟರಿನ ಬಿರಡೆ ಸರಿ. ಮೊದಲು ಬಿರಡೆಯ ಅಗಲಕ್ಕೆ ದೊಡ್ಡ ತೂತು, ಆಮೇಲೆ ಅದರ ನಟ್ಟನಡುವೆ ಸ್ಕ್ರೂವಿನ ಸಣ್ಣ ತೂತು. ಹಿಂದುಮುಂದು ಮಾಡಿದರೆ ದೊಡ್ಡ ಬಿಟ್ಟಿನ ಮೂಗು ಊರಲು ನಡುವೆ ಮರವೇ ಉಳಿದಿರುವುದಿಲ್ಲ, ಬಿಟ್ಟು ಅಡ್ಡಾದಿಡ್ಡಿ ಓಡುತ್ತದೆ. ಸ್ಕ್ರೂ ತಲೆ ಕನಿಷ್ಠ 6 ಮಿಲಿಮೀಟರ್ ಆಳಕ್ಕಿಳಿಯಬೇಕು. ಅದಕ್ಕಿಂತ ತೆಳುವಾದರೆ ಬಿರಡೆ ಮುಂದೊಂದು ದಿನ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಇನ್ನು ಬಿರಡೆ. ಅಂಗಡಿಯಲ್ಲಿ ಸಿಗುವ ಗುಂಡನೆಯ ಕೋಲನ್ನು ತುಂಡರಿಸಿ ಬಡಿಯುವುದು ಸೋಮಾರಿಗಳ ದಾರಿ. ಆ ಕೋಲಿನ ತಲೆಯಲ್ಲಿ ಮರದ ಅಡ್ಡಕೊಯ್ತ ಕಾಣುತ್ತದೆ. ನಾರುಗಳೆಲ್ಲ ಬಾಯ್ತೆರೆದು ನಿಂತಿರುತ್ತವೆ, ಪಾಲಿಶ್ ಸೋಕಿದರೆ ಗಟಗಟ ಕುಡಿದು ಕಪ್ಪಾಗುತ್ತವೆ. ಆಚಾರಿ ಹಾಗೆ ಮಾಡಲಿಲ್ಲ. ಅದೇ ಬಾಗಿಲಿನ ಹಲಗೆಯಿಂದ ಉಳಿದ ತುಂಡಿನ ಮೈಯಲ್ಲಿ ಬಿರಡೆ ಕೊರೆದ. ಹಲಗೆಯ ಗೆರೆ ಯಾವ ಕಡೆ ಓಡುತ್ತದೋ ಬಿರಡೆಯ ಗೆರೆಯನ್ನೂ ಅತ್ತ ತಿರುಗಿಸಿ, ಅಂಟು ಸವರಿ, ಕೊಡತಿಯಿಂದ ಮೆಲ್ಲಗೆ ಬಡಿದು ಬಿಟ್ಟ. ಒಂದು ರಾತ್ರಿ ಒಣಗಬೇಕು. ಬೆಳಿಗ್ಗೆ ಮೇಲೆ ಉಳಿದ ತಲೆಯನ್ನು ಉಳಿಯಿಂದ ಒಂದೇ ಏಟಿಗೆ ಹಾರಿಸಬಾರದು. ಅರ್ಧ ತೆಗೆದು, ಎಳೆ ಯಾವ ಕಡೆಗೆ ಇಳಿಯುತ್ತಿದೆ ಎಂದು ನೋಡಿ, ಅದು ಏರುವ ಕಡೆಗೆ ಸವರಿಕೊಂಡು ಬರಬೇಕು. ಅವಸರ ಮಾಡಿದರೆ ಬಿರಡೆ ಹಲಗೆಯ ಮಟ್ಟಕ್ಕಿಂತ ಒಳಗೇ ಸೀಳಿ ಹೋಗುತ್ತದೆ.

ಯಜಮಾನರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಒಂದೊಂದು ಬಿರಡೆಗೂ ಗೆರೆ ಕೂಡಿಸಿ ನೋಡಿದರು. ಮೂವತ್ತು ಬಿರಡೆ ತಿರಸ್ಕರಿಸಿ ಮೂವತ್ತೊಂದನೆಯದನ್ನು ಒಪ್ಪಿದ್ದೂ ಉಂಟು. ಅದೇ ತಿಂಗಳು ಮಗಳಿಗೆ ಬಂದ ಜಾತಕಗಳನ್ನು ಹೆಂಡತಿ ಮುಂದೆ ಹಿಡಿದಾಗ ಮಾತ್ರ, "ಯಾವ್ದೋ ಒಂದ್ ನೋಡ್ ಹಾಕು, ಎಲ್ಲಾ ಒಂದೇ" ಅಂದರು.

ಇಲ್ಲೊಂದು ವಿಚಿತ್ರ ನೋಡಿ. ಈ ಜಿಲ್ಲೆ ಬದುಕಿರುವುದೇ ಕಬ್ಬಿಣವನ್ನು ಹೊರಗೆ ತೆಗೆಯುವುದರಿಂದ. ಸಂಡೂರಿನ ಗುಡ್ಡಗಳನ್ನು ಅಗೆದು, ಅದಿರನ್ನು ಲಾರಿ-ರೈಲುಗಳಿಗೆ ತುಂಬಿ, ತೋರಣಗಲ್ಲಿನ ಕುಲುಮೆಗಳಲ್ಲಿ ಕರಗಿಸಿ ಉಕ್ಕು ಮಾಡಲು ಹಗಲೂ ರಾತ್ರಿ ಸಾವಿರಾರು ಜನ ದುಡಿಯುತ್ತಾರೆ. ಹಾಗೆ ಭೂಮಿಯಿಂದ ಕಿತ್ತು ತಂದ ಕಬ್ಬಿಣ ಎಲ್ಲೆಲ್ಲೋ ಸುತ್ತಿ ಸ್ಕ್ರೂವಾಗಿ ವಾಪಸ್ಸು ಬಳ್ಳಾರಿಗೆ ಬಂದರೆ, ಇಲ್ಲೊಬ್ಬರು ಅದನ್ನು ಮತ್ತೆ ಒಳಗೆ ತುರುಕಿ ಬಾಯಿಗೆ ಬಿರಡೆ ಬಡಿಯುತ್ತಿದ್ದಾರೆ. ಎದುರು ಮನೆಯವರಿಗೆ ಇದರಲ್ಲಿ ದೊಡ್ಡಸ್ತಿಕೆಯೇನೂ ಕಂಡಿಲ್ಲ. "2010ರಾಗ ಬೇಲೇಕೇರಿ ಬಂದರದಾಗ ಜಪ್ತಿ ಮಾಡಿಟ್ಟ ಅದಿರೇ ಮಂಗಮಾಯ ಆತು. ಲಕ್ಷಗಟ್ಲೆ ಟನ್ನು. ಇವ್ರದೇನ್ರೀ, ನಲವತ್ತು ಸ್ಕ್ರೂ!"

ಬಾಗಿಲು ಮುಗಿದದ್ದು ಮಳೆಗಾಲದ ಕೊನೆಗೆ. ಮುಂದಿನ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ, ಎಲ್ಲರೂ ಉಂಡು ಮಲಗಿದ ಹೊತ್ತಿನಲ್ಲಿ, ಪಡಸಾಲೆಯಲ್ಲಿ 'ಟಪ್' ಎಂದು ಒಂದು ಸದ್ದಾಯಿತು. ಯಜಮಾನರು ಎದ್ದು ಬಂದು ನೋಡಿದರೆ ಬಾಗಿಲ ಎದೆಯಲ್ಲಿ ಸ್ಕ್ರೂವಿನ ಪ್ಲಸ್ ಗುರುತು ಅವರನ್ನೇ ನೋಡುತ್ತಿತ್ತು. ಬಿರಡೆ ನಾಪತ್ತೆ. ಮನೆಯವರನ್ನೆಲ್ಲ ಎಬ್ಬಿಸಿ ಹುಡುಕಿಸಿದರು. ಕಸದ ಬುಟ್ಟಿ ಜಾಲಾಡಿದರು. ಕೆಲಸದಾಕೆಯ ಪೊರಕೆ ಕೊಡವಿದರು. ಕೊನೆಗೆ ಅದು ಸಿಕ್ಕಿದ್ದು ಮೊಮ್ಮಗಳ ಚೌಕಾಬಾರದ ಮನೆಯಲ್ಲಿ, ಹಣ್ಣಾಗಲು ಎರಡು ಗರ ಬಾಕಿ ಇದ್ದ ಕಾಯಿಯಾಗಿ. ಆ ಮಗು ಆಟ ಮುಗಿಯುವವರೆಗೆ ಕೊಡುವುದಿಲ್ಲ ಎಂದು ಹಟ ಹಿಡಿದು ಅಜ್ಜನನ್ನೇ ಎದುರು ಕೂಡಿಸಿಕೊಂಡು ಆಡಿಸಿತು. ಯಜಮಾನರು ಸೋತು ಬಿರಡೆ ಗೆದ್ದುಕೊಂಡರು.

ಆಚಾರಿಗೆ ಕರೆ ಹೋಯಿತು. ಅವನು ಬರಲಿಲ್ಲ. ಬಳ್ಳಾರಿಯಲ್ಲಿ ಕಟ್ಟುವ ಕೆಲಸ ಹಿಡಿದವರಿಗೆಲ್ಲ ಒಂದು ಹಳೆಯ ಹೆದರಿಕೆ ಇದೆ. ಹೈದರಾಲಿ ಇಲ್ಲಿನ ಗುಡ್ಡದ ಕೋಟೆಯನ್ನು ಫ್ರೆಂಚ್ ಎಂಜಿನಿಯರೊಬ್ಬನಿಂದ ದುರಸ್ತಿ ಮಾಡಿಸಿ ಬಲಪಡಿಸಿದನಂತೆ. ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ, ಅಲ್ಲಿಂದ ತೋಪು ಹಾರಿಸಬಹುದು ಎಂದು ತಿಳಿದು, ಆ ಎಂಜಿನಿಯರನ್ನು ಕೋಟೆಯ ಬಾಗಿಲಲ್ಲೇ ನೇಣಿಗೆ ಹಾಕಿಸಿದನೆಂದು ಊರಿನ ಕಥೆ. ಆಚಾರಿ ನಾಲ್ಕು ದಿನ ಬಿಟ್ಟು ಬಂದ. ಬಂದವನು ಹೊಸ್ತಿಲಾಚೆಯೇ ನಿಂತು ಮಾತಾಡಿದ.

"ಬಾಗಿಲ ಹಲಗಿ ಒಣಗಿದ್ದು ಯಜಮಾನ್ರ. ಬಿರಡಿ ಕೊರೆದ ತುಂಡು ಮಳ್ಯಾಗ ಹೊರಗ ಬಿದ್ದಿತ್ತು. ಹಸಿ ಬಿರಡಿ ನಮ್ಮೂರ ಬಿಸಿಲಿಗೆ ಸೊರಗಿ ಸಡ್ಲಾತು. ಅವತ್ತs ಹೇಳಿದ್ನೆಲ್ಲ, ಆ ತುಂಡು ಬ್ಯಾಡ ಅಂತ. ನೀವು ಗೆರಿ ಕೂಡ್ತತಿ ಅಂದ್ರಿ."

ಮಾತು ಸತ್ಯವೇ ಆಗಿತ್ತು. ಮರ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಕುಗ್ಗುತ್ತದೆ. ಹಸಿಯಾದಾಗ ಅಷ್ಟೇ ಹಟದಿಂದ ಹಿಗ್ಗುತ್ತದೆ. ಹಿಗ್ಗುವ ಬಲ ಎಂಥದ್ದೆಂದರೆ, ಬಂಡೆಯಲ್ಲಿ ಸಾಲಾಗಿ ಗುಳಿ ಹೊಡೆದು, ಒಣ ಕಟ್ಟಿಗೆಯ ಬೆಣೆ ಬಡಿದು, ನೀರು ಹನಿಸಿ ಕಲ್ಲನ್ನೇ ಸೀಳುತ್ತಿದ್ದರೆಂದು ಹಂಪಿಯಲ್ಲಿ ಹೇಳುತ್ತಾರೆ. ಆ ಗುಳಿಯ ಸಾಲುಗಳನ್ನು ಅಲ್ಲಿ ಯಾರಾದರೂ ನೋಡಬಹುದು. ಯಜಮಾನರು ಆಚಾರಿಗೆ ಕೊಟ್ಟ ಉತ್ತರ ಲಿಖಿತವಾಗಿತ್ತು: ಆಕ್ಷೇಪಣೆ ಸಂಖ್ಯೆ ಒಂದು, ಬಿರಡೆ ಸಂಖ್ಯೆ ಹದಿನೇಳು, ಹದಿನೈದು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ಆಚಾರಿ ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಒಣಗಿದ ತುಂಡಿನಿಂದ ಹೊಸ ಬಿರಡೆ ಕೊರೆದು ಬಡಿದು ಹೋದ.

ಈ ಬಿರಡೆ ಯಜಮಾನರಂಥವರ ನಿಜವಾದ ಸಂಕಟ ಬಿಸಿಲಿನದಲ್ಲ. ಮುಚ್ಚಿಟ್ಟದ್ದು ಪೂರ್ತಿ ಮುಚ್ಚಿಹೋದರೆ ಮುಚ್ಚಿಟ್ಟವನನ್ನು ಹೊಗಳುವವರಾರು? ಬಾಗಿಲು ಎಷ್ಟು ಚೆನ್ನಾಗಿ ಬಂದಿದೆಯೋ ಅಷ್ಟೂ ಜನ ಅದನ್ನು ನೋಡದೆ ಒಳಗೆ ಬರುತ್ತಾರೆ. ಅದಕ್ಕೇ ಈ ಭೂತಗನ್ನಡಿ, ಈ ಅಪ್ಪಣೆ. ಯಜಮಾನರ ಹೆಂಡತಿ ಹೇಳುವ ಪ್ರಕಾರ ಇಡೀ ಮನೆಯಲ್ಲಿ ಅವರಿಗೆ ಮುಚ್ಚಿಡಲು ಬರುವುದು ಸ್ಕ್ರೂ ಒಂದೇ. ಪಿಂಚಣಿ ಎಷ್ಟು, ಸಕ್ಕರೆ ಕಾಯಿಲೆ ಎಷ್ಟು, ಸೊಸೆಗೂ ಅತ್ತೆಗೂ ಆದ ಮಾತೇನು ಎಂಬುದೆಲ್ಲ ಹಾಲಿನವನಿಗೂ ಗೊತ್ತು. "ಸ್ಕ್ರೂ ಐತಿ ಅಂತ ಊರಿಗೆಲ್ಲ ಹೇಳ್ಕೊಂಡ್ ಬರಾಕ ಅದನ್ನ ಯಾಕ ಮುಚ್ಚಬೇಕಿತ್ತು?" ಎಂಬ ಅವರ ಪ್ರಶ್ನೆಗೆ ಯಜಮಾನರು ಇನ್ನೂ ಸಮಜಾಯಿಷಿ ನೀಡಿಲ್ಲ.

ಮಗ ಅಮೆರಿಕದಲ್ಲಿದ್ದಾನೆ. ಅವನು ಅಪ್ಪನ ಸಂಕಟಕ್ಕೆ ಅಲ್ಲಿಂದ ಒಂದು ಫೋಟೊ ಕಳಿಸಿದ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಗ್ರೀನ್ ಸಹೋದರರು 1908ರ ಸುಮಾರಿಗೆ ಕಟ್ಟಿದ ಗ್ಯಾಂಬಲ್ ಹೌಸ್. ಅಲ್ಲಿನ ಪೀಠೋಪಕರಣಗಳಲ್ಲೂ ಸ್ಕ್ರೂ ಮುಚ್ಚಿದ್ದಾರೆ, ಆದರೆ ಕರಿಮರದ ಚೌಕ ಬಿರಡೆಗಳಿಂದ, ಎದ್ದು ಕಾಣುವಂತೆ. 'ಇಲ್ಲಿ ಮುಚ್ಚಿದ್ದೇವೆ' ಎಂದು ಸಾರಿ ಸಾರಿ ಮುಚ್ಚುವ ಕಲೆ. ಯಜಮಾನರಿಗೆ ಒಂದು ವಾರ ನಿದ್ದೆ ಹತ್ತಲಿಲ್ಲ. ಬೀಟೆಯ ಬಿರಡೆ ಹಾಕಿಸಿದರೆ ನಲವತ್ತೂ ಕಾಣುತ್ತವೆ, ಭೂತಗನ್ನಡಿ ಹಿಡಿದು ಕಾಯುವ ಕೆಲಸ ತಪ್ಪುತ್ತದೆ. ಆದರೆ "ಎಲ್ಲೈತಿ ಹೇಳ್ರಿ" ಎಂದು ಯಾರನ್ನು ಕೇಳುವುದು? ಕುರುಡನೂ ಹೇಳುತ್ತಾನೆ. ವಾರದ ಕೊನೆಗೆ, "ಅದು ಸಾಹುಕಾರ್ರ ಪದ್ಧತಿ, ನಮ್ದು ಸಂಸಾರಸ್ಥರ ಪದ್ಧತಿ" ಎಂದು ತೀರ್ಮಾನಿಸಿ ಫೋಟೊ ಅಳಿಸಿದರು.

ಆ ಮಗ ರಜೆಗೆ ಬಂದಾಗ ಇನ್ನೊಂದು ಅನಾಹುತವಾಯಿತು. ಜೀನ್ಸ್ ಹೊಲಿದು ದೇಶಕ್ಕೆಲ್ಲ ಕಳಿಸುವ ಊರಿಗೆ ಅವನು ಜೀನ್ಸ್ ತೊಟ್ಟೇ ಬಂದ. ಹಿಂದಿನ ಜೇಬಿನ ತಾಮ್ರದ ಗುಬ್ಬಿ ತೇಗದ ಬೆಂಚಿಗೆ ಉಜ್ಜಿ ಗೀರು ಬಿತ್ತು. ಈ ಗುಬ್ಬಿಗಳಿಗೆ 1873ರಲ್ಲಿ ಪೇಟೆಂಟ್ ಪಡೆದ ಲೀವೈಸ್ ಕಂಪನಿಗೇ ಈ ದೂರು ಬಂದು, 1937ರಲ್ಲಿ ಹಿಂದಿನ ಜೇಬಿನವನ್ನು ಬಟ್ಟೆಯೊಳಗೆ ಮುಚ್ಚಿ ಹೊಲಿದರು, ಮುಂದೆ ತೆಗೆದೇ ಬಿಟ್ಟರು. ಇದನ್ನು ಓದಿದ ಯಜಮಾನರು, "ನೋಡು, ಅವ್ರಿಗೂ ಬುದ್ಧಿ ಬಂತು, ಮುಚ್ಚಿದ್ರು" ಎಂದು ಮಗನಿಗೆ ಪಂಚೆ ಕೊಟ್ಟರು. ರಜೆ ಮುಗಿಯುವವರೆಗೂ ಅವನು ಬೆಂಚಿನ ಮೇಲೆ ಕೂತದ್ದು ಪಂಚೆಯಲ್ಲೇ.

ಕುರುಗೋಡಿನಲ್ಲಿ ಯಜಮಾನರಿಗೊಬ್ಬ ಗೆಳೆಯರಿದ್ದಾರೆ, ನಿವೃತ್ತ ಮೇಷ್ಟ್ರು. ಅವರದು ಇನ್ನೂ ಮೇಲಿನ ಮೆಟ್ಟಿಲು. ದಿನಾ ದೊಡ್ಡಬಸವೇಶ್ವರನ ಗುಡಿಗೆ ಹೋಗಿ ಬರುವವರು. ಎರಡಾಳೆತ್ತರದ ಬಸವಣ್ಣ, ಒಂದೇ ಕಲ್ಲು, ಎಲ್ಲೂ ಜೋಡಣೆ ಇಲ್ಲ. ಅದನ್ನು ನೋಡಿ ನೋಡಿ ಮೇಷ್ಟ್ರಿಗೆ ಜೋಡಣೆ ಎಂದರೇ ಅಸಹ್ಯ. "ಬಿರಡಿ ಹಾಕೋದು ಅಂದ್ರ ತಪ್ಪು ಒಪ್ಕೊಂಡಂಗ" ಎನ್ನುತ್ತಾರೆ. ಅವರಿಗೆ ಒಂದೇ ಹಲಗೆಯ ಬಾಗಿಲು ಬೇಕು. ಅಷ್ಟಗಲದ ಮರವನ್ನು ಹೊಸಪೇಟೆಯಿಂದ ದಾಂಡೇಲಿಯವರೆಗೆ ಹುಡುಕುತ್ತಲೇ ಇದ್ದಾರೆ. ಸದ್ಯಕ್ಕೆ ಅವರ ಮನೆಯ ಮುಂಬಾಗಿಲಿಗೆ ಒಂದು ಹಳೆಯ ಸೀರೆ ಕಟ್ಟಿದೆ.

ಸಿರುಗುಪ್ಪದವರ ಕಥೆಯೇ ಬೇರೆ. ಅವರು ಬಂದದ್ದು ಯಜಮಾನರ ಮಗಳನ್ನು ನೋಡಲು. ತುಂಗಭದ್ರೆಯ ನೀರು, ಸೋನಾ ಮಸೂರಿ, ಸ್ವಂತ ಗದ್ದೆ, ಹುಡುಗನಿಗೆ ಬೆಂಗಳೂರಿನಲ್ಲಿ ನೌಕರಿ. ಹುಡುಗನ ತಂದೆ ಚಪ್ಪಲಿ ಬಿಡುತ್ತಿದ್ದಂತೆ ಯಜಮಾನರು ಅಪ್ಪಣೆ ಕೊಟ್ಟರು, ಭೂತಗನ್ನಡಿ ಮುಂದೆ ಹಿಡಿದರು. ಹೆಂಡತಿ ಒಳಗಿನಿಂದ ಕಣ್ಣಲ್ಲೇ ಬೇಡವೆಂದು ಬೇಡಿಕೊಂಡರೂ ಆಗಲಿಲ್ಲ.

ಬಂದವರು ಭೂತಗನ್ನಡಿ ಮುಟ್ಟಲಿಲ್ಲ. ಕಣ್ಣು ಮುಚ್ಚಿ, ಬಾಗಿಲ ಮೇಲೆ ಅಂಗೈಯಾಡಿಸಿ, ಒಂದು ಕಡೆ ಉಗುರಿಟ್ಟರು. "ಇಲ್ಲೈತಿ." ಇನ್ನೊಂದು ಕಡೆ. "ಇಲ್ಲೈತಿ." ಹದಿನೇಳನೆಯದರ ಮೇಲೆ ಬೆರಳು ನಿಂತಿತು. "ಇದು ಆಮ್ಯಾಲೆ ಹಾಕಿದ್ದು."

ಪಡಸಾಲೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಇಡೀ ವಂಶದಲ್ಲಿ ಇಂಥ ಅವಮಾನವಾಗಿರಲಿಲ್ಲ. ಯಜಮಾನರು ಒಣಗಿದ ಗಂಟಲಲ್ಲಿ, "ನೀವೂ... ಈ ಲೈನಿನಾಗ..." ಎಂದರು.

"ನಮ್ಮನ್ಯಾಗ ಊಟದ ಟೇಬಲ್ ಮಾಡಿಸೀನ್ರಿ. ನೂರಾ ಎಂಟು ಬಿರಡಿ. ಎಲ್ಲಾ ಬೀಟಿ. ಕರ್ರಗ ಹೊಳಿತಾವು. ಬಚ್ಚಿಡೋದ್ಯಾಕ್ರೀ, ಕಳ್ಳತನ ಏನ್ ಮಾಡೀವಿ?"

ಅಲ್ಲಿಂದ ಮುಂದೆ ನಡೆದದ್ದು ಹೆಣ್ಣು ನೋಡುವ ಶಾಸ್ತ್ರವಲ್ಲ. ಕಾಣುವ ಬಿರಡೆಯೋ ಕಾಣದ ಬಿರಡೆಯೋ ಎಂಬ ವಾದ. ಯಜಮಾನರು ಹಡಗನ್ನು ಎಳೆದು ತಂದರು: ಹಡಗಿನ ಅಟ್ಟದ ಹಲಗೆಗಳಲ್ಲಿ ಬೋಲ್ಟಿನ ತಲೆ ಮುಳುಗಿಸಿ ಮೇಲೆ ಮರದ ಬಿರಡೆ ಬಡಿಯುವುದು ಹಳೆಯ ಪದ್ಧತಿ, ನೀರು ತಾಗಿ ತುಕ್ಕು ಹಿಡಿಯಬಾರದು ಅಂತ, ಮುಚ್ಚುವುದಕ್ಕೆ ಕಾರಣ ಇರಬೇಕು, ತೋರಿಕೆಯಲ್ಲ. ಸಿರುಗುಪ್ಪದವರು, "ನಮ್ಮ ಹೊಳಿಯಾಗ ಹರಗೋಲು ಹೋಗ್ತಾವ್ರೀ, ಅದಕ್ಕ ಸ್ಕ್ರೂನೂ ಇಲ್ಲ ಬಿರಡಿನೂ ಇಲ್ಲ" ಎಂದು ಹಡಗು ಮುಳುಗಿಸಿದರು. ಮುಚ್ಚಿಡುವುದೇ ದೊಡ್ಡವರ ಲಕ್ಷಣ ಎಂದು ಯಜಮಾನರೆಂದರೆ, ಅವರು ಅಶೋಕನನ್ನು ಕರೆತಂದರು. "ಚಕ್ರವರ್ತಿ ದೇಶದ ತುಂಬ ಬಹಳ ಕಡಿ ತನ್ನ ಹೆಸರು ಮುಚ್ಚಿಟ್ಟು ಬರೇ ದೇವಾನಾಂಪ್ರಿಯ ಅಂತ ಕೆತ್ತಿಸಿದ. ನಮ್ಮ ತಾಲೂಕಿನ ನಿಟ್ಟೂರು, ಉಡೇಗೋಳದಾಗ ನೋಡ್ರಿ, ಅಶೋಕ ಅಂತ ಹೆಸರೇ ಐತಿ. ಯಾಕ? ಸಿರುಗುಪ್ಪಕ್ಕ ಬಂದ್ರ ಯಾರೂ ಏನೂ ಬಚ್ಚಿಡಂಗಿಲ್ಲ!"

"ಅದು ಬಿರಡಿ ಬಿದ್ದು ಹೋಗಿದ್ದು!" ಎಂದು ಯಜಮಾನರು ಗುಡುಗಿದರು.

ಒಗ್ಗರಣೆ-ಮಿರ್ಚಿ ಆರಿಹೋಯಿತು. ಹುಡುಗ ಮೊಬೈಲು ನೋಡತೊಡಗಿದ. ಇಬ್ಬರು ತಂದೆಯರೂ ಎದ್ದು ನಿಂತು ಈ ಸಂಬಂಧ ಆಗುವುದಿಲ್ಲ ಎನ್ನುವ ಹಂತಕ್ಕೆ ಬಂದಾಗ ಅಡುಗೆಮನೆಯಿಂದ ಬೀಗಿತಿಯರಿಬ್ಬರೂ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮಾತುಕತೆ ಅಷ್ಟರಲ್ಲಿ ಮುಗಿದಿತ್ತು. ಹುಡುಗಿಗೆ ಹುಡುಗ ಒಪ್ಪಿಗೆ, ಹುಡುಗನಿಗೆ ಹುಡುಗಿ ಒಪ್ಪಿಗೆ. ಇಬ್ಬರೂ ಬೆಂಗಳೂರಿನಲ್ಲಿ ಎರಡು ವರ್ಷದಿಂದ ಪರಿಚಯದವರೇ. ಲೆಕ್ಕ ತಪಾಸಣೆಯ ಮನೆಯಲ್ಲಿ ಎರಡು ವರ್ಷ ಮುಚ್ಚಿಟ್ಟಿದ್ದ ಸಂಗತಿ. ಯಜಮಾನರು ಕುರ್ಚಿಗೆ ಕುಸಿದು ಕೂತರು. ಒಂದು ಗೆರೆಯೂ ಕಂಡಿರಲಿಲ್ಲ ಅವರಿಗೆ.

ಉಳಿದದ್ದು ಮಂಚದ ಪ್ರಶ್ನೆ. ಹೊಸ ಜೋಡಿಗೆ ಮಂಚ ಕೊಡಬೇಕು. ಬಿರಡೆ ಯಾವ ಪದ್ಧತಿಯದು? ತಲೆಯ ಕಡೆ ಗಂಡಿನವರ ಪ್ರಕಾರ ಬೀಟೆ, ಕಾಲಿನ ಕಡೆ ಹೆಣ್ಣಿನವರ ಪ್ರಕಾರ ತೇಗ ಎಂದು ರಾಜಿಯಾಯಿತು. ಕೆಲಸ ಆಚಾರಿಗೆ. ತಲೆಯ ಕಡೆಯ ಸ್ಕ್ರೂ-ಬಿರಡೆಯ ಬಿಲ್ಲು ಸಿರುಗುಪ್ಪಕ್ಕೆ, ಕಾಲಿನ ಕಡೆಯದು ಬಳ್ಳಾರಿಗೆ. ಆಚಾರಿ ಎರಡು ತಿಂಗಳು ತೆಗೆದುಕೊಂಡ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. "ಮಂಚದ ಕೆಲಸ, ಕಣ್ಣು ಬೀಳಬಾರ್ದು" ಅಂದ.

ಮದುವೆಯ ದಿನ ಛತ್ರದ ಮೂಲೆಯಲ್ಲಿ ಆ ಮಂಚ ಅಲಂಕಾರವಾಗಿ ನಿಂತಿತ್ತು. ಅಕ್ಷತೆಯ ಹೊತ್ತಿಗೆ ಬೀಗರಿಬ್ಬರೂ ಮಂಟಪದಲ್ಲಿರಲಿಲ್ಲ. ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಬಗ್ಗಿ, ತಮ್ಮ ತಮ್ಮ ಬಿರಡೆಯನ್ನು ತಮ್ಮ ತಮ್ಮ ನೆಂಟರಿಗೆ ತೋರಿಸುತ್ತಿದ್ದರು. ಕುರುಗೋಡಿನ ಮೇಷ್ಟ್ರು ದೂರ ನಿಂತು ಮೂಗು ಮುರಿಯುತ್ತಿದ್ದರು.

ಊಟದ ಪಂಕ್ತಿಯಲ್ಲಿ ಆಚಾರಿ ನನ್ನ ಪಕ್ಕಕ್ಕೇ ಕೂತ. ಮಂಚ ಭಾರಿ ಗಟ್ಟಿಮುಟ್ಟಾಗಿದೆ, ಎಷ್ಟು ಸ್ಕ್ರೂ ಹಿಡಿಯಿತು ಎಂದು ಕೇಳಿದೆ. ಅವನು ಆಚೀಚೆ ನೋಡಿ, ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಬಾಯಿ ಹತ್ತಿರ ತಂದ.

"ಒಂದೂ ಇಲ್ರಿ. ನಮ್ಮಪ್ಪನ ಕೆಲಸ ಅದು. ಒಂದರ ತುದಿ ಇನ್ನೊಂದರ ಬಾಯಿಗೆ ಕೂಡ್ಸಿ, ಬೆಣಿ ಬಡಿದು ಬಿಗಿ ಮಾಡೀನಿ. ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಂಗಿಲ್ಲ."

"ಮತ್ತೆ ಆ ಬಿರಡೆ?"

"ಬರೇ ಬಿರಡಿ. ಕೆಳಗೇನೂ ಇಲ್ಲ. ಇಬ್ರಿಗೂ ಬೇಕಲ್ರೀ, ತೂತು ಕೊರೆದು ಬಡಿದ್ನಿ."

"ಬಿಲ್ಲಿನಲ್ಲಿ?"

"ಎಂಟನೇ ನಂಬರ್ ಸ್ಕ್ರೂ, ನಾಲ್ಕು ಡಜನ್ ಅಂತ ಬರ್ದೀನಿ. ಯಜಮಾನ್ರು ಕೆಂಪು ಪೆನ್ನಿಲೆ ಟಿಕ್ ಹಾಕಿ, ಸಹಿ ಮಾಡಿ ಪಾಸ್ ಮಾಡ್ಯಾರ" ಎಂದು ಆಚಾರಿ ಇನ್ನೊಂದು ಹೋಳಿಗೆಗೆ ಎಲೆ ತೋರಿಸಿದ.